ಮುಳ್ಳು ಹಾಕಿದ ಬಾಗಿಲು

ಬಾಗಿಲಿಗೆ ಅಡ್ಡವಿಟ್ಟ ಜಾಲಿಮುಳ್ಳು ಕಂಡರೆ ಇಂದಿಗೂ ಮದಲೂರಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಮ್ಮ ತೀರಿಕೊಂಡ ನಕ್ಷತ್ರ ಕೆಟ್ಟದ್ದೆಂದು ನಮ್ಮ ಮನೆಗೆ ಬೀಗ ಜಡಿದು, ಬಾಗಿಲಿಗೆ ಮುಳ್ಳು ಹಾಕಿ, ಎಲ್ಲರೂ ಎದುರಿನ ಅತ್ತೆ ಮನೆಗೆ ಬಂದಿದ್ದೆವು. ಕಿಟಕಿಯಿಂದ ಆ ಬಾಗಿಲು ಕಾಣುತ್ತಿತ್ತು. ಟಿವಿಯಲ್ಲಿ ದೆವ್ವದ ಮನೆಯ ಸಿನಿಮಾ ಬರುತ್ತಿತ್ತು.

"ಮಕ್ಳು ನೋಡೋ ಪಿಚ್ಚರ್ರಾ ಇದು?" ಎಂದು ಅತ್ತೆ ರೇಗಿದಳು.

"ಇರ್ಲಿ ಬುಡಮ್ಮ, ಬರೀ ಬಾಗ್ಲು ಕಿರ್ ಅಂತೈತೆ. ಹೆದರ್ಕಂಡ್ರೆ ಆರ್ಸಾನ," ಎಂದು ಅಜ್ಜಿ ನನ್ನನ್ನು ಮಡಿಲಿಗೆ ಎಳೆದುಕೊಂಡಳು.

ಸಿನಿಮಾದ ಪಾಳುಮನೆಯೊಳಗಿಂದ ಸತ್ತ ಹೆಂಗಸೊಬ್ಬಳು ಮಕ್ಕಳನ್ನು ಊಟಕ್ಕೆ ಕರೆದಳು. ಅತ್ತೆಯ ಮಕ್ಕಳು ಚೀರಿ ಕಣ್ಣು ಮುಚ್ಚಿಕೊಂಡರು. ನನಗೆ ಹೆದರಿಕೆಯೇ ಆಗಲಿಲ್ಲ.

"ಅಜ್ಜಿ, ನಮ್ಮನೆ ಬೀಗದ ಕೈ ಎಲ್ಲೈತೆ?" ಎಂದೆ.

ಅಜ್ಜಿ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಟಿವಿ ಆರ್ಸಮ್ಮ," ಎಂದಳು ಅತ್ತೆಗೆ. "ಆ ಕಿಟ್ಕೀನೂ ಹಾಕ್ಬುಡು."