ಬ್ಯಾಗು ಕಾಯುವವರು

ಪ್ರವಾಸದಲ್ಲಿ ಬ್ಯಾಗು ಕಾಯುವವರು ಯಾರು ಎಂಬುದು ಸಂಸಾರದ ಅಡಿಪಾಯವನ್ನೇ ಅಲುಗಾಡಿಸಬಲ್ಲ ಗಹನವಾದ ಪ್ರಶ್ನೆ. ಅಂಬುಜಾಕ್ಷಿಯ ಮನೆಯಲ್ಲಿ ಅದು ಮದುವೆಯಾದ ವರ್ಷವೇ ಇತ್ಯರ್ಥವಾಗಿತ್ತು. ಚಿತ್ರದುರ್ಗವಿರಲಿ, ಗೋಲ್ಕೊಂಡವಿರಲಿ, ಗಂಡ ಶ್ರೀಕಂಠಯ್ಯ ಕೋಟೆ ಹತ್ತುತ್ತಿದ್ದರು, ಅವಳು ಕೆಳಗೆ ಕೂತು ಬ್ಯಾಗು ಕಾಯುತ್ತಿದ್ದಳು. ಇಳಿದು ಬಂದವರು ಮೇಲಿನ ವೈಭವವನ್ನು ಗಂಟೆಗಟ್ಟಲೆ ಬಣ್ಣಿಸುತ್ತಿದ್ದರು.

ಈಗ ಜರ್ಮನಿ. ಕೆಳಗೆ ವೈನಿಗೆಂದೇ ಬೆಳೆಸಿದ ದ್ರಾಕ್ಷಿತೋಟ, ಗುಡ್ಡದ ತುದಿಯಲ್ಲಿ ಪಾಳುಬಿದ್ದ ಹಳೇ ಕೋಟೆ.

"ನೀನಿಲ್ಲೇ ಕೂತಿರು. ನಿಂಗೆ ಮಂಡಿನೋವು ಬೇರೆ," ಎಂದರು ಶ್ರೀಕಂಠಯ್ಯ.

"ನೋಯೋ ಮಂಡಿ ನಂದು ತಾನೇ? ಈ ಸಲ ನಾನೂ ಬರ್ತೀನಿ."

"ಹಟ ಮಾಡ್ಬೇಡ ಕಣೇ. ಬಂದು ಎಲ್ಲಾ ಹೇಳ್ತೀನಲ್ಲ!" ಎಂದು ಅವರು ಹೊರಟೇಬಿಟ್ಟರು.

ಹತ್ತು ನಿಮಿಷ ಬ್ಯಾಗು ಕಾಯ್ದ ಅಂಬುಜಾಕ್ಷಿ, ಎರಡೂ ಬ್ಯಾಗುಗಳನ್ನು ಹೆಗಲಿಗೇರಿಸಿಕೊಂಡು ಹತ್ತತೊಡಗಿದಳು. ಮೊದಲ ತಿರುವಿನಲ್ಲೇ, ದ್ರಾಕ್ಷಿಬಳ್ಳಿಯ ನೆರಳಿನಲ್ಲಿ, ಶ್ರೀಕಂಠಯ್ಯ ಕೋಟೆಯ ಕೈಪಿಡಿ ಓದುತ್ತ ಕೂತಿದ್ದರು.

"ಎತ್ತರ ಅಂದ್ರೆ ನಂಗೆ ತಲೆ ಸುತ್ತುತ್ತೆ ಕಣೇ," ಎಂದರು, ಮುಖ ಎತ್ತದೆ.

"ಚಿತ್ರದುರ್ಗದಲ್ಲೂ?"

"ಅಲ್ಲೂ."

"ಗೋಲ್ಕೊಂಡ?"

"ಎಲ್ಲಾ ಕಡೇನೂ."

ಅಂಬುಜಾಕ್ಷಿ ಎರಡೂ ಬ್ಯಾಗುಗಳನ್ನು ಅವರ ತೊಡೆಯ ಮೇಲಿಟ್ಟು ಕೋಟೆ ಹತ್ತಿದಳು.