ತಟ್ಟಿದರೆ ಬಿಡಬೇಕು

ಟೈಲರ್ ಹುಡುಗಿ ನರ್ಸಕ್ಕನ ಕುತ್ತಿಗೆಗೆ ಹಾಕಿದ್ದ ಪಟ್ಟನ್ನು ಇನ್ನಷ್ಟು ಬಿಗಿದಳು. ಸಿಕ್ಕಿಬಿದ್ದಿದ್ದ ನರ್ಸಕ್ಕ ಅವಳ ತೋಳನ್ನು ಪಟಪಟ ತಟ್ಟಿದಳು, ಮ್ಯಾಟನ್ನು ಬಡಿದಳು. ಮುಖ ಕಪ್ಪಿಟ್ಟು ಕಣ್ಣು ಮೇಲಾಯಿತು. ಜಿಯು-ಜಿಟ್ಸು ಕುಸ್ತಿಯ ಕ್ಲಾಸಿಗೆ ಸೇರಿ ವಾರವೂ ಆಗಿರದ ಹುಡುಗಿ ಹಲ್ಲು ಕಚ್ಚಿ ಅಮುಕುತ್ತಲೇ ಇದ್ದಳು.

"ಬಿಡಮ್ಮಾ, ಬಿಡು! ಸತ್ತೇ ಹೋಗ್ತಾಳೆ!" ಕೋಚ್ ಓಡಿಬಂದು, ಹೊಲಿಗೆಯ ಕತ್ತರಿಯಿಂದ ಜಡ್ಡುಗಟ್ಟಿದ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಕಿತ್ತು ಬಿಡಿಸಿದ. ನರ್ಸಕ್ಕ ಮಗ್ಗುಲಾಗಿ ಕೆಮ್ಮಿದಳು. ಒಡೆದ ತುಟಿಯ ರಕ್ತ ಮ್ಯಾಟಿನ ಮೇಲೆ ತೊಟ್ಟಿಕ್ಕಿತು. "ತಟ್ಟಿದ್ರೆ ಬಿಡ್ಬೇಕು ಅಂತ ಅಷ್ಟು ಬಡ್ಕೊಂಡೆ. ಕೇಳಿಸ್ಲಿಲ್ವಾ?" ಕೋಚ್ ಹುಡುಗಿಗೆ ಗದರಿದ.

"ಕೇಳಿಸ್ತು ಸರ್. ಆದ್ರೆ ಅಷ್ಟಕ್ಕೆಲ್ಲ ಯಾರು ಬಿಡ್ತಾರೆ?" ಹುಡುಗಿ ಎದ್ದು ಕೂತಳು. "ನಮ್ಮಣ್ಣ ಕುತ್ತಿಗೆ ಹಿಡಿದಾಗ ನಾನೂ ಹೀಗೇ ತಟ್ತಿದ್ದೆ. ತಟ್ಟಿದಷ್ಟೂ ಬಿಗೀತಿದ್ದ."

ನರ್ಸಕ್ಕ ತುಟಿ ಒರೆಸಿಕೊಂಡಳು. ತೆವಳಿಕೊಂಡೇ ಹುಡುಗಿಯ ಬೆನ್ನ ಹಿಂದೆ ಹೋಗಿ, ಅವಳ ಕುತ್ತಿಗೆಗೆ ತೋಳು ಸುತ್ತಿ ಬಿಗಿದಳು. ಉಸಿರು ಕಟ್ಟುವ ಹಾಗೇ ಬಿಗಿದಳು. "ಈಗ ತಟ್ಟು," ಅಂದಳು ಕಿವಿಯ ಹತ್ತಿರ.

ಹುಡುಗಿ ಆ ತೋಳನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳಷ್ಟೆ. ಹಿಡಿತ ಸಟ್ಟನೆ ಬಿಟ್ಟುಹೋಯಿತು.

ಹುಡುಗಿ ಆ ತೋಳನ್ನು ಮತ್ತೆ ತನ್ನ ಕುತ್ತಿಗೆಗೆ ಎಳೆದುಕೊಂಡಳು. "ಇನ್ನೊಂದ್ಸಲ, ಅಕ್ಕಾ," ಅಂದಳು.