ನಮ್ಮನೆಗೂ ಬನ್ನಿ

ಹುಳಿಗೆ ಒಗ್ಗರಣೆ ಹಾಕಿ, ಸುಗುಣ ‘ಕಪ್ಪುಕೋಟೆ’ ಅನ್ನೋ ಮೊಬೈಲ್ ಗೇಮ್ ಆಡುವವರ ವಾಟ್ಸಾಪ್ ಗುಂಪಿಗೆ ಒಂದೇ ಕೈಯಲ್ಲಿ ಮೆಸೇಜ್ ಬರೆದಳು.

“ಐದನೇ ಬಾಗಿಲು ದಾಟಿದೆ. ಅಲ್ಲಿರೋ ಎಂಟು ಕಾಲಿನ ರಾಕ್ಷಸಿ ಜೊತೆ ಹೊಡೆದಾಡಬೇಡಿ. ಮರ್ಯಾದೆಯಾಗಿ ಮಾತಾಡಿಸಿದ್ರೆ ತಾನೇ ದಾರಿ ಬಿಡ್ತಾಳೆ.”

ಎಲ್ಲರೂ ಚಪ್ಪಾಳೆ ಕಳಿಸಿದರು. ಗುಂಪಿನ ಹಳಬರಾದ ಚಿಕ್ಕಣ್ಣ ಮೇಷ್ಟ್ರು ಮಾತ್ರ ಕೇಳಿದರು: “ಹೊರಡುವಾಗ ಅವಳಿಗೆ ಏನಂದ್ರಿ, ಸುಗುಣಮ್ಮ?”

“ಇನ್ನೇನು ಅಂತೀವಿ ಸಾರ್, ನಮ್ಮನೆಗೂ ಒಂದ್ಸಲ ಬನ್ನಿ ಅಂದೆ. ಅಭ್ಯಾಸ ನೋಡಿ, ಬಾಯಿಗೆ ಬಂದುಬಿಡ್ತು.”

ಮೇಷ್ಟ್ರು ತಕ್ಷಣ ಬರೆದರು:

“ಆಟದೊಳಗಿನೋರನ್ನ ಮನೆಗೆ ಕರೆದ್ರೆ ಬಂದೇ ಬರ್ತಾರೆ ಅಂತ ಎಷ್ಟು ಸಲ ಹೇಳಿದೀನಿ. ಹೋದ ತಿಂಗಳು ನಮ್ಮ ಗುಂಪಿನ ಶ್ರೀಕಂಠಯ್ಯನವರು ಹಿಂಗೇ ಕರೆದು ಅವರ ಮನೇಲಿ ಏನಾಯ್ತು ಗೊತ್ತಲ್ಲ. ಈಗ ಒಂದೇ ದಾರಿ. ಬಾಗಿಲಿಗೆ ಬಂದ್ರೂ ಮನೆಯವರು ಯಾರೂ ಒಳಗೆ ಕರೀಬಾರದು. ಕರೆಯದೆ ಅವರು ಹೊಸಿಲು ದಾಟಲ್ಲ.”

ಸುಗುಣ ಸ್ಟವ್ ಆರಿಸಿ ನಡುಮನೆಗೆ ಓಡಿದಳು. ಅತ್ತೆ ಆಗಲೇ ಬಾಗಿಲು ತೆಗೆದಿದ್ದರು. ಹೊರಗೆ ಯಾರೋ ಒಬ್ಬಳು ಚಪ್ಪಲಿ ಬಿಡುತ್ತಿದ್ದಳು. ಒಂದು ಜೊತೆ ಬಿಟ್ಟಳು, ಇನ್ನೊಂದು ಜೊತೆ ಬಿಟ್ಟಳು, ಇನ್ನೂ ಬಿಡುತ್ತಲೇ ಇದ್ದಳು.

“ಬನ್ನಿ, ಒಳಗೆ ಬನ್ನಿ,” ಎಂದರು ಅತ್ತೆ. “ಸರಿಯಾಗಿ ಊಟದ ಹೊತ್ತಿಗೇ ಬಂದ್ರಿ.”